ಗೌರಮ್ಮನವರ ಕಡತದಲ್ಲಿ ಬ್ಯಾರನ್ ಇರಲಿಲ್ಲ

ನಾನು ಬರೆದ ಕಡತಗಳಲ್ಲಿ ನಾಲ್ಕು ತಾಲ್ಲೂಕಿನ ಜನರೂ ಒಂದೇ ರೀತಿ ಅಳುತ್ತಿದ್ದರು. ಹುಣಸೂರಿನ ವಿಧವೆ, ಪಿರಿಯಾಪಟ್ಟಣದ ಕುಡುಕನ ಹೆಂಡತಿ, ಕೆ.ಆರ್. ನಗರದ ಮುದುಕ, ಎಚ್.ಡಿ. ಕೋಟೆಯ ಶಾಲೆ ಬಿಟ್ಟ ಹುಡುಗ, ಎಲ್ಲರೂ ‘ತಮ್ಮ ಕಷ್ಟವನ್ನು ಹೇಳಿಕೊಂಡು ಕಣ್ಣೀರಿಟ್ಟರು’. ಅವರಲ್ಲಿ ಎಷ್ಟೋ ಜನ ನನ್ನೆದುರು ಅತ್ತವರೇ ಅಲ್ಲ. ನಗುನಗುತ್ತಾ ಎಲೆ ಅಡಿಕೆ ಕೊಟ್ಟು ಕಳಿಸಿದವರು. ಆದರೂ ಕಡತದೊಳಗೆ ಬಂದ ಕೂಡಲೇ ಅವರು ಅಳಲೇಬೇಕಾಗಿತ್ತು. ಏಕೆಂದರೆ ಆ ವಾಕ್ಯವನ್ನು ನಾನು ಹೋಗುವಾಗಲೇ ಬಸ್ಸಿನಲ್ಲಿ ಬರೆದಿಟ್ಟುಕೊಂಡಿರುತ್ತಿದ್ದೆ.

ಈಗ ನಿವೃತ್ತನಾಗಿ ಹುಣಸೂರಿನಲ್ಲಿ ಮನೆಯಲ್ಲಿದ್ದೇನೆ. ಸಮಾಜಕಾರ್ಯದಲ್ಲಿ ಎಂ.ಎ. ಮಾಡಿ ನಮ್ಮ ಸಂಸ್ಥೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಬಂದು, “ಸಾರ್, ಕೇಸ್ ರೆಕಾರ್ಡ್ ಹೇಗೆ ಬರೀಬೇಕು, ನಿಮ್ಮ ಅನುಭವ ಹೇಳಿ” ಎನ್ನುತ್ತಾರೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಹೇಗೆ ಬರೆಯಬೇಕೆಂಬುದನ್ನು ಅವರು ಪುಸ್ತಕದಲ್ಲಿ ಓದಿಯೇ ಬಂದಿರುತ್ತಾರೆ. ಹೇಗೆ ಬರೆಯಬಾರದು ಎಂಬುದರಲ್ಲಿ ಮಾತ್ರ ನನ್ನಷ್ಟು ಅನುಭವ ನಮ್ಮ ಸಂಸ್ಥೆಯಲ್ಲಿ ಬೇರೆ ಯಾರಿಗೂ ಇರಲಾರದು. ಅದನ್ನೇ ಬರೆಯುತ್ತೇನೆ.

ನಮ್ಮದು ಕಷ್ಟದಲ್ಲಿರುವ ಮನೆಗಳಿಗೆ ಹೋಗಿ, ಅಲ್ಲಿಯ ಮಕ್ಕಳು ಮುದುಕರು ಹೆಂಗಸರ ಪರಿಸ್ಥಿತಿ ನೋಡಿ, ಸಿಗಬೇಕಾದ ಸಹಾಯ ಸಿಗುವ ಹಾಗೆ ಮಾಡುವ ಸಣ್ಣ ಸಂಸ್ಥೆ. ನಾನು ಅಲ್ಲಿ ಕ್ಷೇತ್ರ ಕಾರ್ಯಕರ್ತ. ಒಂದೊಂದು ಮನೆಗೂ ಒಂದೊಂದು ರಟ್ಟಿನ ಕಡತ. ಪ್ರತಿ ಭೇಟಿಯೂ ಅದರಲ್ಲಿ ಬರಬೇಕು. ನನಗೆ ಇದನ್ನು ಕಲಿಸಿದವರು ನನ್ನ ಮೊದಲ ಮೇಲಧಿಕಾರಿ ಪುಟ್ಟಬಸಪ್ಪನವರು. ಒಳ್ಳೆಯ ಮನುಷ್ಯ, ಕೈಬರಹ ಮುತ್ತು ಪೋಣಿಸಿದ ಹಾಗೆ. ಅವರ ಪ್ರಕಾರ ಮನುಷ್ಯನ ಬದುಕಿನಲ್ಲಿ ಇರುವುದು ನಾಲ್ಕೇ ಭಾಗ: ಪರಿಸ್ಥಿತಿ, ಸಮಸ್ಯೆ, ನೀಡಿದ ಸಲಹೆ, ಮುಂದಿನ ಕ್ರಮ. ಪರಿಸ್ಥಿತಿ ಯಾವಾಗಲೂ ಶೋಚನೀಯವಾಗಿರಬೇಕು.

“ಸಾರ್, ಈ ಮನೇಲಿ ಎರಡು ಎಮ್ಮೆ ಅವೆ” ಎಂದು ನಾನು ಒಮ್ಮೆ ಅನುಮಾನಿಸಿದೆ.

“ಎಮ್ಮೆ ಪಾಡು ಎಮ್ಮೇದು. ನೀನು ಶೋಚನೀಯ ಅಂತ ಹಾಕಯ್ಯ. ಇಲ್ದಿದ್ರೆ ಮೇಲ್ನೋರು ಪುಟಾನೇ ತಿರುಗ್ಸಲ್ಲ” ಎಂದರು.

ಹಾಗೆ ನಾಲ್ಕು ತಾಲ್ಲೂಕೂ ಶೋಚನೀಯವಾದವು.

ಪ್ರತಿಯೊಂದು ಮನೆಗೂ ಹೊಸ ವಾಕ್ಯ ಹುಡುಕುವುದು ಕಷ್ಟ. ಆದ್ದರಿಂದ ನನ್ನ ಹತ್ತಿರ ಒಂದಷ್ಟು ಸಿದ್ಧ ವಾಕ್ಯಗಳಿದ್ದವು. ಹನಗೋಡಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಒಂದು ಬನ್ನು ತಿನ್ನುವಷ್ಟರಲ್ಲಿ ಮೂರು ನಾಲ್ಕು ಮನೆ ಮುಗಿಸುತ್ತಿದ್ದೆ. ಅಂತರಸಂತೆಯ ಬಸ್ಸು ತಪ್ಪಿಹೋದ ದಿನ, ಹೋಗದೇ ಉಳಿದ ಮನೆಗೂ ಹೋದ ಹಾಗೆ ಬರೆದದ್ದಿದೆ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಆ ಮನೆಯವರು ಇವತ್ತಿಗೂ ದಾರಿಯಲ್ಲಿ ಸಿಕ್ಕಿದರೆ “ಬನ್ನಿ ಸಾರ್, ಮನೆ ಕಡೆ ಬರ್ಲೇ ಇಲ್ವಲ್ಲ” ಎನ್ನುತ್ತಾರೆ. ನಾನು ತಲೆ ತಗ್ಗಿಸಿಕೊಂಡು ಬೇಗ ಬೇಗ ನಡೆಯುತ್ತೇನೆ.

ಒಂದು ದಿನ ಸಿದ್ಧ ವಾಕ್ಯ ನನಗೇ ತಿರುಗಿ ಒದೆಯಿತು. ಗಂಡ ತೀರಿಕೊಂಡು ವರ್ಷ ತುಂಬಿದ್ದ ಒಬ್ಬ ಹೆಣ್ಣುಮಗಳ ಕಡತದಲ್ಲಿ, ‘ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೊಂದಿಕೊಂಡು ಬಾಳುವಂತೆ ತಿಳಿಹೇಳಲಾಯಿತು. ಇಬ್ಬರೂ ಒಪ್ಪಿದರು’ ಎಂದು ಬರೆದಿದ್ದೆ. ಪುಟ್ಟಬಸಪ್ಪನವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಓದಿದರು.

“ರಾಜಪ್ಪ, ಗಂಡನ್ನ ಎಲ್ಲಿ ಕೂರಿಸ್ದೆ?”

“ಸಾರ್, ಅದು...”

“ಅಲ್ಲ ಕಣಯ್ಯ, ಬದುಕಿರೋರೇ ನಿನ್ನ ಮಾತು ಕೇಳಲ್ಲ. ಸತ್ತೋನು ಎಂಗ್ ಒಪ್ದ?”

ಇಡೀ ಕಚೇರಿ ನಕ್ಕಿತು. ನಾನೂ ನಕ್ಕೆ. ಆ ವಾಕ್ಯ ಹೊಡೆದು ಬೇರೆ ಸಿದ್ಧ ವಾಕ್ಯ ಹಾಕಿದೆ. ಬುದ್ಧಿ ಬರಲಿಲ್ಲ.

ಪುಟ್ಟಬಸಪ್ಪನವರು ನಿವೃತ್ತರಾದ ಮೇಲೆ ಮೈಸೂರಿನಿಂದ ಶೈಲಜಾ ಮೇಡಂ ಬಂದರು. ನನಗಿಂತ ವಯಸ್ಸಿನಲ್ಲಿ ಚಿಕ್ಕವರು. ಬಂದ ವಾರವೇ ನನ್ನ ಕಡತಗಳನ್ನೆಲ್ಲ ಮನೆಗೆ ಹೊತ್ತುಕೊಂಡು ಹೋಗಿ ಓದಿದರು. ಮರುದಿನ ಕರೆದು, “ರಾಜಪ್ಪನವರೇ, ಇಷ್ಟೂ ಓದಿದ ಮೇಲೆ ನನಗೆ ಒಬ್ಬರ ಪರಿಚಯ ಮಾತ್ರ ಚೆನ್ನಾಗಿ ಆಯ್ತು” ಎಂದರು.

“ಯಾರ್ದು ಮೇಡಂ?”

“ನಿಮ್ಮದು.”

ಅವರು ತಂದ ಹೊಸ ಪದ್ಧತಿ ಇಷ್ಟೇ. ಕಡತ ನಮ್ಮದಲ್ಲ, ಆ ಮನೆಯವರದ್ದು. ಅವರ ಎದುರಿಗೇ ಕೂತು ಬರೆಯಬೇಕು. ಅವರು ಆಡಿದ ಮಾತನ್ನು ಅವರು ಆಡಿದ ಹಾಗೆ ಬರೆಯಬೇಕು. ಬರೆದ ಮೇಲೆ ಅವರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಅವರು ತಿದ್ದು ಎಂದರೆ ತಿದ್ದಬೇಕು. ಸರಿ ಎಂದ ಮೇಲೆ ರುಜು ಅಥವಾ ಹೆಬ್ಬೆಟ್ಟು. ಇದು ಪೊಲೀಸ್ ಠಾಣೆಯ ಹೇಳಿಕೆಯ ಹಾಗಾಯಿತಲ್ಲ ಎಂದು ನಾವು ಹಳಬರು ಗೊಣಗಿದೆವು. ನನಗೆ ನಿಜವಾಗಿ ಆಗಿದ್ದು ಭಯ. ಅಷ್ಟು ವರ್ಷ ಜನರ ಬೆನ್ನ ಹಿಂದೆ ಬರೆದಿದ್ದನ್ನು ಅವರ ಮುಖಕ್ಕೆ ಓದುವುದೆಂದರೆ ತಮಾಷೆಯೇ?

ಮೊದಲ ಓದು ನಡೆದದ್ದು ಪಿರಿಯಾಪಟ್ಟಣದ ಹತ್ತಿರ ಬಸಮ್ಮ ಎಂಬ ಹೆಂಗಸಿನ ಮನೆಯಲ್ಲಿ. ಅವರು ಕೊಟ್ಟ ಕಾಫಿ ಕುಡಿದು, ಲೋಟ ಪಕ್ಕಕ್ಕಿಟ್ಟು, ಹಳೆಯ ಕಡತ ತೆಗೆದು ಶುರು ಮಾಡಿದೆ: “ಮನೆಯ ಪರಿಸ್ಥಿತಿ ಶೋಚನೀಯವಾಗಿದೆ.”

“ಅಂಗಂದ್ರೆ?”

ಅರ್ಥ ಹೇಳಿದೆ. ಅವರು ಸೊಂಟಕ್ಕೆ ಕೈ ಕೊಟ್ಟು ಎದ್ದು ನಿಂತರು.

“ಯಾರ್ ಮನೇನಪ್ಪ ಅಂಗೆ ಬರ್ದಿರೋದು? ಬೆಳಗ್ಗೆ ತಾನೇ ಸಗಣಿ ಸಾರಿಸಿದ್ದೀನಿ. ನೀನ್ ಈಗ ಕುಡ್ದಲ್ಲ ಕಾಫಿ, ಅದೂ ಸೋಚನೀಯವಾಗಿತ್ತಾ?”

“ಇಲ್ಲಮ್ಮ, ಚೆನ್ನಾಗಿತ್ತು.”

“ಹಾಗಾದ್ರೆ ಅದನ್ನ ಬರಿ.”

‘ಕಾಫಿ ಚೆನ್ನಾಗಿತ್ತು’ ಎಂದು ನಮ್ಮ ಸಂಸ್ಥೆಯ ಕಡತದಲ್ಲಿ ಬರೆದ ಮೊದಲಿಗ ನಾನೇ.

ಚುಂಚನಕಟ್ಟೆಯ ಹತ್ತಿರದ ಒಬ್ಬ ಗದ್ದೆಯ ಯಜಮಾನರಿಗೆ ಓದಿ ಹೇಳಿದ್ದು ಇನ್ನೂ ಚೆನ್ನಾಗಿ ನೆನಪಿದೆ. ಅವರ ಹೆಂಡತಿ ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದರು. ‘ಯಜಮಾನರಿಗೆ ಕುಡಿತದ ಅಭ್ಯಾಸವಿದೆ’ ಎಂಬಲ್ಲಿಗೆ ಬಂದೆ.

“ತಪ್ಪು” ಎಂದರು ಯಜಮಾನರು. “ಬುಟ್ಬುಟ್ಟಿದ್ದೀನಿ ಅಂತ ಬರೀರಿ.”

“ಯಾವಾಗ ಬಿಟ್ರಿ?”

“ನೀವ್ ಓದುದ್ರಲ್ಲ, ಆಗ.”

ಬಾಗಿಲಲ್ಲಿದ್ದ ಹೆಂಡತಿ, “ಬರ್ಕಳಿ ಸಾರ್, ಟೈಮ್ ಸಮೇತ ಬರ್ಕಳಿ” ಎಂದರು. ಬರೆದುಕೊಂಡೆ. ಆತ ಬಿಟ್ಟರೋ ಇಲ್ಲವೋ ಆಮೇಲಿನ ಮಾತು. ಮುಂದಿನ ಭೇಟಿಯಲ್ಲಿ ನನ್ನನ್ನು ದೂರದಿಂದ ಕಂಡು ಕಾಲುವೆ ಏರಿಯ ಮೇಲೆ ಓಡಿದರು ಎಂಬುದನ್ನಷ್ಟೇ ಹೇಳಬಲ್ಲೆ.

ಇಂಥವನ್ನೆಲ್ಲ ಹೇಳಿ ನಗಿಸುತ್ತಾ ಕೂತರೆ ಸಂಜೆಯಾಗುತ್ತದೆ. ನಾನು ಹೇಳಬೇಕೆಂದು ಹೊರಟಿದ್ದು ಗೌರಮ್ಮನವರ ವಿಷಯ. ಅದಕ್ಕೆ ಬರುತ್ತೇನೆ.

ಗೌರಮ್ಮನವರದು ಹನಗೋಡಿನ ಆಚೆಗೆ ಒಂದು ಊರು. ಎಪ್ಪತ್ತರ ಆಸುಪಾಸು, ಗಟ್ಟಿ ಜೀವ, ಹಣೆಯ ತುಂಬ ವಿಭೂತಿ. ಗಂಡ ಬಿಟ್ಟುಹೋದ ಸ್ವಲ್ಪ ಹೊಲದಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದರು. ಮಗಳು ಕಾಯಿಲೆಯಿಂದ ತೀರಿಕೊಂಡಿದ್ದಳು. ಅಳಿಯ ಇನ್ನೊಂದು ಮದುವೆಯಾಗಿ ಕೊಡಗಿನ ಕಡೆ ಹೋದವನು ಹಿಂದಿರುಗಿ ನೋಡಿರಲಿಲ್ಲ. ಮೊಮ್ಮಗಳು ಚಂದನ ಅಜ್ಜಿಯ ಹತ್ತಿರವೇ ಇದ್ದುಕೊಂಡು ಊರ ಶಾಲೆಯಲ್ಲಿ ನಾಲ್ಕನೇ ತರಗತಿ ಓದುತ್ತಿದ್ದಳು. ತಂದೆ ತಾಯಿ ಇಲ್ಲದ ಮಗು ಎಂದು ವಿಷಯ ಮೈಸೂರಿನಲ್ಲಿ ಇಂಥ ಮಕ್ಕಳ ಬಗ್ಗೆ ತೀರ್ಮಾನ ಮಾಡುವ ಸಮಿತಿಯ ಮುಂದೆ ಹೋಯಿತು. ಮಗು ಅಜ್ಜಿಯ ಬಳಿ ಇರಬಹುದೋ, ಇಲ್ಲ ಮೈಸೂರಿನ ಮಕ್ಕಳ ಮನೆಗೆ ಸೇರಿಸಬೇಕೋ? ಮನೆ ನೋಡಿ ಬಂದು ಬರೆಯಬೇಕಾದವನು ನಾನು.

ಮೊದಲ ದಿನ ನಾನು ಹೋದಾಗ ನಡು ಮಧ್ಯಾಹ್ನ. ಬಸ್ಸಿಳಿದು ಬಿಸಿಲಲ್ಲಿ ನಡೆದು ಹೋಗಿದ್ದೆ. ಬಾಗಿಲು ತೆರೆದಿತ್ತು. ಗೌರಮ್ಮನವರು ಒಳಗೆ ಚಾಪೆಯ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದರು. “ಅಮ್ಮಾ” ಎಂದೆ. “ಊಂ” ಎಂದು ಮಗ್ಗುಲು ಬದಲಿಸಿದರು. ಜಗಲಿಯ ಮೇಲೆ ಕೂತು ಕಾದೆ. ಒಂದು ಲೋಟ ನೀರು ಕೊಡುವವರಿಲ್ಲ. ಕಾರ್ಯಕರ್ತ ಬಂದು ಕೂತಿದ್ದಾನೆ, ಈಯಮ್ಮ ಏಳುವುದಿಲ್ಲವಲ್ಲ ಎಂದು ನನಗೆ ಸಿಟ್ಟು ಬಂತು. ಆ ಸಿಟ್ಟನ್ನು ಮರೆಮಾಚದೆ ಹೇಳುತ್ತಿದ್ದೇನೆ, ಏಕೆಂದರೆ ಕಡತ ಬರೆದದ್ದು ಅದೇ. ಎದುರು ಮನೆಯ ರತ್ನಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಅವರನ್ನು ಕೇಳಿದೆ.

“ಇವ್ರು ಹಗಲೊತ್ತು ಹಿಂಗೇ ಮಲಗ್ತಾರಾ?”

“ಊಂ ಸಾರ್, ಮಲಗ್ತರೆ.”

“ರಾತ್ರಿ?”

“ರಾತ್ರಿ ಮನೇಲಿರಾಕಿಲ್ಲ.”

ಎರಡನೆಯ ಸಲ ಹೋದಾಗಲೂ ಅದೇ ಚಾಪೆ, ಅದೇ ಗೊರಕೆ. ನಾನು ಬರೆದೆ: ‘ಅಜ್ಜಿಯು ಹಗಲಿನಲ್ಲಿ ಮಲಗಿರುತ್ತಾರೆ. ರಾತ್ರಿ ಮನೆಯಲ್ಲಿ ಇರುವುದಿಲ್ಲ ಎಂದು ನೆರೆಯವರು ತಿಳಿಸಿದರು. ಮಗುವಿನ ಮೇಲೆ ನಿಗಾ ಇರುವುದಿಲ್ಲ.’

ಆಗ ಹೊಗೆಸೊಪ್ಪು ಬೇಯಿಸುವ ಕಾಲ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಹಾಗೆ ಅಂದುಕೊಂಡಿದ್ದೇ ನನ್ನ ತಪ್ಪಾದ್ದರಿಂದ ಈಗ ವಿವರಿಸುತ್ತೇನೆ. ಬ್ಯಾರನ್ ಎಂದರೆ ಹೊಲದ ಮೂಲೆಯಲ್ಲಿ ಎತ್ತರಕ್ಕೆ ಕಟ್ಟಿದ, ಕಿಟಕಿಯಿಲ್ಲದ ಕೋಣೆ. ಹಸಿ ಎಲೆಯನ್ನು ಕೋಲುಗಳಿಗೆ ಕಟ್ಟಿ ಅದರೊಳಗೆ ಸಾಲುಸಾಲಾಗಿ ಮೇಲಿನವರೆಗೆ ತೂಗುಹಾಕುತ್ತಾರೆ. ಹೊರಗಿನ ಒಲೆಯಲ್ಲಿ ಸೌದೆ ಉರಿಸಿದರೆ ಶಾಖ ಒಳಗಿನ ಕೊಳವೆಗಳಲ್ಲಿ ಹರಿದು ಎಲೆ ಹಳದಿಯಾಗಿ ಒಣಗುತ್ತದೆ. ಒಮ್ಮೆ ಬೆಂಕಿ ಹಾಕಿದರೆ ಎಲೆ ಇಳಿಸುವವರೆಗೆ ಹಗಲೂ ರಾತ್ರಿ ಆರುವ ಹಾಗಿಲ್ಲ. ಶಾಖ ಹೆಚ್ಚಾದರೆ ಎಲೆ ಕಪ್ಪಾಗುತ್ತದೆ, ಕಡಿಮೆಯಾದರೆ ಕೊಳೆಯುತ್ತದೆ, ಕಣ್ಣು ತಪ್ಪಿದರೆ ಬ್ಯಾರನ್ನೇ ಹತ್ತಿಕೊಂಡು ಉರಿದುಹೋಗುತ್ತದೆ. ಹಗಲು ಕೂಲಿಯಾಳುಗಳು ನೋಡಿಕೊಂಡರೂ ಮನೆಯವರಲ್ಲಿ ಒಬ್ಬರು ರಾತ್ರಿಯಿಡೀ ಅದರ ಮುಂದೆ ಕೂರಲೇಬೇಕು. ಕೂತವರು ಹಗಲು ಮಲಗಲೇಬೇಕು. ನಾನು ಇಂಥದ್ದೇ ಮನೆಯಲ್ಲಿ ಹುಟ್ಟಿದವನು. ಆ ತಿಂಗಳುಗಳಲ್ಲಿ ನಮ್ಮಪ್ಪ ಮಧ್ಯಾಹ್ನ ಎಚ್ಚರವಾಗಿದ್ದದ್ದನ್ನು ನಾನು ನೋಡಿಲ್ಲ.

ಗೌರಮ್ಮನವರು ಏಕೆ ಮಲಗಿದ್ದಾರೆಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಬೇರೆ ಊರಿನವನಾಗಿದ್ದರೆ ಏಕೆ ಎಂದು ಕೇಳಿಯಾದರೂ ಕೇಳುತ್ತಿದ್ದ. ಸೂರ್ಯ ಪೂರ್ವದಲ್ಲಿ ಹುಟ್ಟಿದ ಎಂದು ಯಾರೂ ಬರೆಯುವುದಿಲ್ಲವಲ್ಲ, ಹಾಗೆ ನಾನು ಅದನ್ನು ಬರೆಯದೇ ಬಿಟ್ಟೆ. ಬಿಟ್ಟದ್ದು ಸಿಟ್ಟಿಗೆ ಅನುಕೂಲವೂ ಆಯಿತು.

ಹೊಸ ಪದ್ಧತಿಯಂತೆ ಕಡತವನ್ನು ಓದಿ ಹೇಳಬೇಕಿತ್ತು. ಮೂರನೆಯ ಸಲ ಬೆಳಗ್ಗೆ ಹೊತ್ತಿಗೆ ಹೋದೆ. ಗೌರಮ್ಮನವರು ಮನೆಯ ಮುಂದೆ ಎಲೆ ಕಟ್ಟುತ್ತಿದ್ದರು. ಕೈಯೆಲ್ಲ ಅಂಟು. ಒಂದೊಂದೇ ವಾಕ್ಯ ಓದಿದೆ.

“ಅಜ್ಜಿಯು ಹಗಲಿನಲ್ಲಿ ಮಲಗಿರುತ್ತಾರೆ.”

“ದಿಟ.”

“ರಾತ್ರಿ ಮನೆಯಲ್ಲಿ ಇರುವುದಿಲ್ಲ.”

“ಅದೂ ದಿಟವೇ. ಯಾರಾದ್ರೂ ಇರ್ತಾರಾ?”

“ಮಗುವಿನ ಮೇಲೆ ನಿಗಾ ಇರುವುದಿಲ್ಲ.”

ಇಲ್ಲಿ ಮಾತ್ರ ಅವರು ಕೈ ನಿಲ್ಲಿಸಿ ಸ್ವಲ್ಪ ಯೋಚಿಸಿದರು. “ಮೊಗ ನಂಗಿಂತ ಚುರುಕು ಕಣಪ್ಪ. ಅದರ ಮೇಲೆ ನಾನೇನ್ ನಿಗಾ ಮಡಗೋದು, ಅದೇ ನನ್ ಮೇಲೆ ಮಡಗಿರ್ತದೆ. ಆಯ್ತು ಬುಡು, ಚೆನ್ನಾಗಿ ಬರ್ದಿದ್ದೀಯ.”

ಅಂಟು ಕೈಯನ್ನು ಸೆರಗಿಗೆ ಒರೆಸಿಕೊಂಡು ಹೆಬ್ಬೆಟ್ಟು ಮುಂದೆ ಚಾಚಿದರು. ಈ ಮೂರು ಸಾಲು ಮೈಸೂರಿಗೆ ಹೋದರೆ ಚಂದನಳನ್ನು ಕರೆದುಕೊಂಡು ಹೋಗಬಹುದು ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಅವರು ಅಳುತ್ತಾರೆ, ಊರವರು ಸೇರುತ್ತಾರೆ, ಬಸ್ಸು ತಪ್ಪುತ್ತದೆ ಎಂದುಕೊಂಡೆ. ಶಾಯಿಯ ಪ್ಯಾಡ್ ಮುಂದಿಟ್ಟೆ. ಕಡತದ ಕಾಗದದ ಮೇಲೆ ಶಾಯಿಯ ಜೊತೆಗೆ ಹೊಗೆಸೊಪ್ಪಿನ ಅಂಟೂ ಹತ್ತಿತು.

ಸಮಿತಿಯ ದಿನ ಗೌರಮ್ಮನವರು ಇಸ್ತ್ರಿ ಮಾಡಿದ ಸೀರೆಯುಟ್ಟು, ಚಂದನಳಿಗೆ ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿ ಕರೆತಂದಿದ್ದರು. ಮೊಮ್ಮಗಳಿಗೆ ಏನೋ ಸಹಾಯ ಮಂಜೂರಾಗುತ್ತದೆ ಎಂದು ಅವರ ಎಣಿಕೆ. ಶೈಲಜಾ ಮೇಡಂ ಮತ್ತು ನಾನು ಪಕ್ಕದ ಬೆಂಚಿನಲ್ಲಿದ್ದೆವು. ಸಮಿತಿಯ ಅಧ್ಯಕ್ಷೆ ಮೈಸೂರಿನವರೇ, ಮೆಲುದನಿಯ ಹೆಂಗಸು. ನನ್ನ ಕಡತ ಅವರ ಕೈಯಲ್ಲಿತ್ತು.

“ಅಜ್ಜೀ, ನೀವು ಹಗಲೆಲ್ಲಾ ಮಲಗ್ತೀರಂತೆ, ಹೌದಾ?”

“ಊಂ ತಾಯಿ. ಮಲಗ್ದೆ ಎಂಗಾದದು?”

“ರಾತ್ರಿ ಮನೆಯಲ್ಲೇ ಇರೋದಿಲ್ಲವಂತೆ?”

“ಇರಾಕಿಲ್ಲ.”

“ಮತ್ತೆ ಎಲ್ಲಿರ್ತೀರಿ?”

“ಬೆಂಕಿ ತಾವ.”

ಅಧ್ಯಕ್ಷೆ ಪಕ್ಕದವರ ಮುಖ ನೋಡಿದರು. “ಯಾವ ಬೆಂಕಿ?”

“ಎಲ್ಲಾರೂ ಹಾಕ್ತರಲ್ಲ, ಅದೇ ಬೆಂಕಿ. ನಮ್ಮೂರಗೆ ಈಗ ಯಾರೂ ರಾತ್ರಿ ಮಲಗಾಕಿಲ್ಲ ತಾಯಿ.”

ಬೇರೆ ಯಾವ ಸಂದರ್ಭದಲ್ಲಾದರೂ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಆವತ್ತು ನಗು ಬರಲಿಲ್ಲ. ಒಂದೊಂದು ಉತ್ತರ ಕೊಟ್ಟಾಗಲೂ ಆ ಅಜ್ಜಿ ತಮ್ಮ ಮೊಮ್ಮಗಳನ್ನು ಒಂದೊಂದು ಹೆಜ್ಜೆ ಮಕ್ಕಳ ಮನೆಯ ಕಡೆಗೆ ತಾವೇ ದೂಡುತ್ತಿದ್ದರು, ಅದು ಅವರಿಗೆ ಗೊತ್ತಿರಲಿಲ್ಲ. ಅಧ್ಯಕ್ಷೆಯ ದನಿ ಇನ್ನೂ ಮೆಲ್ಲಗಾಯಿತು. ಹುಚ್ಚರ ಹತ್ತಿರ ಮಾತಾಡುವಾಗ ಒಳ್ಳೆಯವರು ಹಾಗೆ ಮಾತಾಡುತ್ತಾರೆ.

“ಮಗು ಕೆಲವು ವರ್ಷ ಮೈಸೂರಿನಲ್ಲಿ, ನಮ್ಮ ಮಕ್ಕಳ ಮನೆಯಲ್ಲಿ ಇರಲಿ ಅಜ್ಜಿ. ಓದು, ಊಟ ಎಲ್ಲಾ ಚೆನ್ನಾಗಿರುತ್ತೆ.”

ಗೌರಮ್ಮನವರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಚಂದನಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. “ಯಾಕೆ ತಾಯಿ? ನಾನೇನ್ ತಪ್ ಮಾಡ್ದೆ?” ಎಂದು ನನ್ನ ಕಡೆ ತಿರುಗಿದರು. “ಇವ್ರು ನಮ್ಮ ಕಡೆಯವ್ರೇ. ಎಲ್ಲಾ ಓದಿ ಹೇಳವ್ರೆ, ಎಲ್ಲಾ ಸರಿಯಾಗೇ ಬರ್ದವ್ರೆ. ನಂಗೆ ಮಾತು ಬರಾಕಿಲ್ಲ, ಇವ್ರನ್ನೇ ಕೇಳಿ.”

ನನ್ನ ಪರವಾಗಿ ಅವರು ಸಾಕ್ಷಿ ಹೇಳಿದರು. ಬೆಂಚಿನಿಂದ ನಾನು ಎದ್ದು ನಿಂತಿದ್ದು ಧೈರ್ಯದಿಂದಲ್ಲ. ಕೂತಿರಲು ಆಗಲಿಲ್ಲ.

“ಮೇಡಂ, ಕಡತದಲ್ಲಿರೋದು ಸುಳ್ಳಲ್ಲ. ಆದ್ರೆ ಬರ್ದಿರೋ ರೀತಿ ಮೋಸ” ಎಂದೆ. ಬ್ಯಾರನ್ ಎಂದರೇನು, ಬೆಂಕಿ ಏಕೆ ಆರಬಾರದು, ಅಜ್ಜಿ ಏಕೆ ಹಗಲು ಮಲಗುತ್ತಾರೆ ಎಂದು ತಡವರಿಸಿಕೊಂಡು ಹೇಳಿದೆ. ಅಧ್ಯಕ್ಷೆ ಪೂರ್ತಿ ಕೇಳಿಸಿಕೊಂಡರು.

“ಇದನ್ನ ಯಾಕೆ ಬರೆಯಲಿಲ್ಲ?”

“ಎಲ್ರಿಗೂ ಗೊತ್ತಿರೋದೇ ಅಂತ...”

“ನನಗೆ ಗೊತ್ತಿರಲಿಲ್ಲ. ಓದೋಳು ನಾನು ತಾನೇ?” ಎಂದರು. “ಸರಿ. ರಾತ್ರಿ ಅಜ್ಜಿ ಅಲ್ಲಿದ್ದರೆ ಮಗು ಎಲ್ಲಿ ಮಲಗುತ್ತೆ?”

ನನಗೆ ಗೊತ್ತಿರಲಿಲ್ಲ. ಮೂರು ಸಲ ಹೋದರೂ ಅದನ್ನು ಕೇಳಿರಲೇ ಇಲ್ಲ. ಚಂದನ ಏನೋ ಹೇಳಲು ಹೊರಟಳು, ಗಾಬರಿಯಲ್ಲಿ ಅಜ್ಜಿಯ ಸೆರಗಿನ ಹಿಂದೆ ಸರಿದಳು. ಸಮಿತಿ ತೀರ್ಮಾನವನ್ನು ಮುಂದಕ್ಕೆ ಹಾಕಿ, ಹೊಸದಾಗಿ ಬರೆದು ತನ್ನಿ, ಅಲ್ಲಿಯವರೆಗೆ ಮಗು ಅಜ್ಜಿಯ ಜೊತೆಗಿರಲಿ ಎಂದು ಹೇಳಿತು. ಬೇರೆ ಯಾರನ್ನಾದರೂ ಕಳಿಸಿ ಎಂದು ನಾನು ಶೈಲಜಾ ಮೇಡಂ ಹತ್ತಿರ ಬೇಡಿಕೊಂಡೆ. ಅವರು, “ಇಲ್ಲ ರಾಜಪ್ಪನವರೇ, ನೀವೇ ಹೋಗ್ತೀರಿ” ಎಂದು ಬ್ಯಾಗು ಹೆಗಲಿಗೇರಿಸಿ ನಡೆದೇಬಿಟ್ಟರು.

ಹೊರಗೆ ಬೇವಿನ ಮರದ ಕೆಳಗೆ ಗೌರಮ್ಮನವರು ನಿಂತಿದ್ದರು. ಅವರಿಗೆ ಈಗ ಎಲ್ಲ ಅರ್ಥವಾಗಿತ್ತು.

“ನೀನ್ ಓದ್ದಾಗ ನಾನು ದಿಟ ಅಂದೆ. ದಿಟ ಅಂದ್ರೆ ಮೊಗೀನ ಕೊಟ್ಬುಡ್ತೀನಿ ಅಂತ ಅರ್ಥ ಅಂತ ಯಾಕಪ್ಪ ಹೇಳ್ನಿಲ್ಲ?”

“ತಪ್ಪಾಯ್ತಮ್ಮ” ಎಂದೆ. ಅವರು ಚಂದನಳ ಕೈ ಹಿಡಿದು ಬಸ್ ನಿಲ್ದಾಣದ ಕಡೆ ನಡೆದರು. ಹುಣಸೂರಿನವರೆಗೂ ಒಂದೇ ಬಸ್ಸಿನಲ್ಲಿ ಬಂದೆವು, ಬೇರೆ ಬೇರೆ ಸೀಟಿನಲ್ಲಿ.

ನಾನು ಹೊಸ ಹಾಳೆಗಳನ್ನು ಹಿಡಿದುಕೊಂಡು ಹೋದ ದಿನ ಅವರ ಹೊಲದಲ್ಲಿ ಬ್ಯಾರನ್‌ಗೆ ಎಲೆ ಏರಿಸುತ್ತಿದ್ದರು. “ಬರೆಯೋದು ಆಮೇಕೆ. ಕೋಲು ಎತ್ಕೊಡು” ಎಂದರು. ಪ್ಯಾಂಟು ಮಡಚಿ ಎತ್ತಿಕೊಟ್ಟೆ. ಕೆಲಸ ಮರೆತಿದ್ದ ಕೈಗೆ ಬೇಗ ಸುಸ್ತಾಯಿತು. ರತ್ನಮ್ಮ ಅತ್ತ ಕಡೆಯಿಂದ, “ಸಾರ್ ಪರಿಸ್ಥಿತಿ ಏನೋ ಚೆನ್ನಾಗಿಲ್ಲ ನೋಡಿ” ಎಂದು ಎಲ್ಲರನ್ನೂ ನಗಿಸಿದರು. ಗೌರಮ್ಮನವರು ಮಾತ್ರ ನಗಲಿಲ್ಲ.

ಬೆಂಕಿ ಹಾಕಿದ ಮೇಲೆ ಒಲೆಯ ಮುಂದೆ ಕಲ್ಲಿನ ಮೇಲೆ ಕೂತು, “ಈಗ ಬರ್ಕೊ. ಒಂದ್ ಮಾತೂ ಬುಡ್ಬೇಡ” ಎಂದರು. ಮಗು ಏನು ಉಣ್ಣುತ್ತದೆ, ಏನು ಉಣ್ಣುವುದಿಲ್ಲ, ಹೇನಿಗೆ ಏನು ಹಚ್ಚಿದರು, ಶಾಲೆಯ ಮೇಷ್ಟ್ರು ಏನೆಂದರು, ತಾಯಿ ನೆನಪಾದಾಗ ಯಾವ ಮೂಲೆಯಲ್ಲಿ ಹೋಗಿ ಕೂರುತ್ತದೆ, ಎಲ್ಲ ಹೇಳಿದರು. ಬೆಂಕಿ ಹಾಕಿದ ದಿನಗಳಲ್ಲಿ ಚಂದನ ಮಲಗುವುದು ರತ್ನಮ್ಮನ ಮನೆಯಲ್ಲಿ, ಅವರ ಮಗಳ ಪಕ್ಕದಲ್ಲಿ. ನನಗೆ ‘ರಾತ್ರಿ ಮನೇಲಿರಾಕಿಲ್ಲ’ ಎಂದು ಹೇಳಿದವರೇ ರತ್ನಮ್ಮ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಅದನ್ನೂ ಅವತ್ತೇ ಹೇಳುತ್ತಿದ್ದರು.

“ಇದನ್ನೂ ಬರ್ಕೊ” ಎಂದರು ಗೌರಮ್ಮ. “ನಾನ್ ಹೋದ್ಮೇಲೆ ಮೊಗ ನನ್ನ ತಂಗಿ ಮಗಳ ತಾವ ಇರ್ಬೇಕು. ಅವಳು ಒಪ್ಪವ್ಳೆ. ಇದನ್ನ ಯಾರ ಕೈಲಿ ಬರ್ಸೋದು ಅಂತ ವರ್ಷದಿಂದ ಕಾಯ್ತಿದ್ದೆ. ನೀನ್ ಬಂದಾಗೆಲ್ಲಾ ನಿಂದೇ ಬರ್ಕೊಂಡ್ ಹೋದೆ.”

ನನ್ನ ನಾಲ್ಕು ಭಾಗಗಳಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

“ಇನ್ನೊಂದೈತೆ. ಈ ಹೊಗೆಗೆ ಮೊಗೀಗೆ ಕೆಮ್ಮು ಬತ್ತದೆ.”

ನಾನು ಪೆನ್ನು ಎತ್ತಿದೆ. “ಅದು ಬೇಡಮ್ಮ. ಅದನ್ನ ಓದಿದ್ರೆ ಮತ್ತೆ ಕರ್ಕೊಂಡು ಹೋಗ್ತೀವಿ ಅಂತಾರೆ.”

“ಬರಿ. ಹೋದ್ಸಲ ಅರ್ಧ ಬರ್ದು ಏನಾಯ್ತು ನೋಡಿದ್ದೀಯಲ್ಲ.”

ಬರೆದೆ. ಅಷ್ಟರಲ್ಲಿ ಚಂದನ ಶಾಲೆಯಿಂದ ಬಂದಳು. ಚೀಲ ಎಸೆದು, ಕಡತವನ್ನು ತೊಡೆಯ ಮೇಲೆ ಎಳೆದುಕೊಂಡು, ಬೆರಳಿಟ್ಟು ಓದತೊಡಗಿದಳು. ಕೊನೆಯವರೆಗೆ ಓದಿ ತಲೆಯೆತ್ತಿದಳು.

“ಮೇಲೆ ನನ್ನ ಹೆಸರೈತೆ. ಒಳಗೆಲ್ಲಾ ಅಜ್ಜೀದೇ ಐತೆ. ನಂದೆಲ್ಲಿ ಸಾರ್?”

ಅಷ್ಟು ವರ್ಷ ಕೆಲಸ ಮಾಡಿದ ನನಗೆ, ಕಡತದ ನಡುವೆ ಇರಬೇಕಾದವರು ಯಾರೆಂದು ಒಂದು ಮಗು ಹೇಳಿಕೊಡಬೇಕಾಯಿತು. ಹೊಸ ಹಾಳೆ ತೆಗೆದು ಅವಳ ಮುಂದೆ ಕೂತೆ. ಅವಳು ಸರಸರನೆ ಹೇಳಿದಳು. ಅಜ್ಜಿ ಗೊರಕೆ ಹೊಡೆಯುತ್ತಾಳೆ. ಅಜ್ಜಿಗೆ ಅಂಕಿ ಬರುವುದಿಲ್ಲ. ರಾತ್ರಿ ಮಲಗಲು ಹೋಗುವ ಮುಂಚೆ, ಬೆಳಗ್ಗೆ ಎದ್ದ ಕೂಡಲೇ ಬ್ಯಾರನ್‌ನ ಥರ್ಮಾಮೀಟರ್ ಓದಿ ಶಾಖ ಎಷ್ಟೆಂದು ಹೇಳುವವಳು ತಾನು. ತಾನು ಮೈಸೂರಿಗೆ ಹೋದರೆ ಓದುವವರಿಲ್ಲ, ಎಲೆ ಕಪ್ಪಾಗುತ್ತದೆ, ಅಜ್ಜಿ ಅಳುತ್ತಾಳೆ.

ಮಗುವಿನ ಕೈಯಲ್ಲಿ ಬ್ಯಾರನ್ ಕೆಲಸ! ಕೆಮ್ಮಿನ ಮೇಲೆ ಇದೊಂದು. ಗೌರಮ್ಮನವರ ಮುಖ ನೋಡಿದೆ. ಅವರು ಕಣ್ಣಿನಲ್ಲೇ ‘ಬರಿ’ ಎಂದರು. ಬರೆದು, ಇಬ್ಬರಿಗೂ ಓದಿ ಹೇಳಿ, ಈ ಸಲ ಇದರಿಂದ ಏನೇನಾಗಬಹುದು ಎಂಬುದನ್ನೂ ಬಿಡಿಸಿ ಹೇಳಿದೆ. ಅಜ್ಜಿ ಹೆಬ್ಬೆಟ್ಟು ಒತ್ತಿದರು. ಮೊಮ್ಮಗಳು ನಿಧಾನವಾಗಿ ಸೊನ್ನೆ ತಲೆಕಟ್ಟು ಸರಿಯಾಗಿ ಹಾಕಿ ರುಜು ಮಾಡಿದಳು.

ಎರಡನೆಯ ಸಲ ಸಮಿತಿಯ ಮುಂದೆ ನಾವೆಲ್ಲ ಕೂತಾಗ ಅಧ್ಯಕ್ಷೆ ಆ ಹಾಳೆಗಳನ್ನು ಪೂರ್ತಿ ಓದಿದರು. ಗೊರಕೆಯ ಜಾಗದಲ್ಲಿ ನಕ್ಕರು. ಥರ್ಮಾಮೀಟರ್ ಬಂದಾಗ ನಗು ನಿಂತಿತು.

“ಚಂದನ, ಬೆಂಕಿ ಉರಿಯೋ ಬ್ಯಾರನ್ ಹತ್ತಿರ ನೀನು ಹೋಗಬಾರದು. ಇದು ಹೀಗೇ ನಡೆಯೋದಾದರೆ ನಾನು ನಿನ್ನನ್ನ ಅಜ್ಜಿ ಹತ್ತಿರ ಬಿಡೋಕಾಗಲ್ಲ.”

ಚಂದನ ಈ ಸಲ ಸೆರಗಿನ ಹಿಂದೆ ಹೋಗಲಿಲ್ಲ. “ಇನ್ಮೇಲೆ ಹೋಗಲ್ಲ ಮೇಡಂ. ನೇಲ್ ಪಾಲಿಶ್ ಹಚ್ಬುಟ್ಟಿದ್ದೀನಿ.”

“ಏನು?”

“ಥರ್ಮಾಮೀಟರ್‌ಗೆ. ಎಲೆ ಹಳದಿ ಆಗೋ ಗಂಟ ಈ ಗೆರೆ, ಒಣಗೋ ಗಂಟ ಆ ಗೆರೆ, ದಂಟು ಒಣಗೋಕೆ ಮೇಲಿನ ಗೆರೆ. ಮೂರು ಬ್ಯಾರೆ ಬ್ಯಾರೆ ಬಣ್ಣ, ರತ್ನಕ್ಕನ ಮಗಳ್ದು. ಅಜ್ಜಿಗೆ ಅಂಕಿ ಬ್ಯಾಡ, ಬಣ್ಣ ನೋಡುದ್ರೆ ಸಾಕು.”

ಗೌರಮ್ಮನವರು, “ಕೆಂಪು ದಾಟಿಸ್ಬ್ಯಾಡ ಅಂತ ಮೂರೊತ್ತೂ ಹೇಳಿ ಹೇಳಿ ನನ್ ತಲೆ ತಿಂದವ್ಳೆ ತಾಯಿ” ಎಂದು ದೂರಿದರು.

ಅಧ್ಯಕ್ಷೆ ಪಕ್ಕದವರೊಂದಿಗೆ ಬಹಳ ಹೊತ್ತು ಮಾತಾಡಿದರು. ಅಷ್ಟು ಹೊತ್ತೂ ಗೌರಮ್ಮನವರು ಮೊಮ್ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದರು. ಕೊನೆಗೆ ತೀರ್ಮಾನ ಬಂತು. ಮಗು ಅಜ್ಜಿಯ ಹತ್ತಿರವೇ ಇರಲಿ. ಕೆಮ್ಮನ್ನು ಆಸ್ಪತ್ರೆಯಲ್ಲಿ ತೋರಿಸಬೇಕು. ಮಗು ಬ್ಯಾರನ್ ಹತ್ತಿರ ಹೋಗಬಾರದು. ಪ್ರತಿ ತಿಂಗಳೂ ಸಂಸ್ಥೆಯವರು ಮನೆಗೆ ಹೋಗಿ ಬರೆದು ಕಳಿಸಬೇಕು.

ಗೌರಮ್ಮನವರು ಸೆರಗಿನಿಂದ ಮುಖ ಮುಚ್ಚಿಕೊಂಡರು. ಅದು ಕಣ್ಣೀರೇ. ನಾನು ಸಿದ್ಧ ಮಾಡಿಕೊಂಡು ಬಂದದ್ದಲ್ಲ.

“ಪ್ರತಿ ತಿಂಗಳು ಬರೋದು ಇವರೇ ಆದರೆ ನಿಮಗೆ ಒಪ್ಪಿಗೆಯೇ ಅಜ್ಜಿ? ಬೇಡ ಅಂದರೆ ಬೇರೆಯವರನ್ನ ಕಳಿಸೋಕೆ ಹೇಳ್ತೀನಿ” ಎಂದು ಅಧ್ಯಕ್ಷೆ ನನ್ನನ್ನು ತೋರಿಸಿ ಕೇಳಿದರು.

ನಾನು ನೆಲ ನೋಡುತ್ತಾ ಕೂತೆ. ಬೇಡ ಎನ್ನಲು ಅವರಿಗೆ ಎಲ್ಲ ಹಕ್ಕೂ ಇತ್ತು.

ಗೌರಮ್ಮನವರು ಮುಖ ಒರೆಸಿಕೊಂಡು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಬರ್ಲಿ. ಆದ್ರೆ ನಾನು ಮಲಗಿದ್ರೆ ಎಬ್ಬಿಸ್ಲಿ.”